ಗುದ್ದಲಿಗೂ ಮೊದಲು ಒಂದು ಅರ್ಜಿ: ಕಾಡಿನಲ್ಲಿ ಸೈಕಲ್ ಹಾದಿ ಬೇಕೆನ್ನುವವರಿಗೆ

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಬೆಂಗಳೂರಿನ ಶೇಷಾದ್ರಿಪುರಂ, ಮಲ್ಲೇಶ್ವರಂ, ಬಸವನಗುಡಿಯ ಬೀದಿಗಳಿಂದ ದಪ್ಪ ಟೈರಿನ ಸೈಕಲ್‌ಗಳು ಹೊರಡುವುದು ಈಗ ಮಾಮೂಲು. ಕೆಲವರು ಯಲಹಂಕದಾಚೆಯ ಆವಲಹಳ್ಳಿ ಕಾಡಿನ ಕಡೆ, ಕೆಲವರು ಕನಕಪುರ ರಸ್ತೆ ಹಿಡಿದು ತುರಹಳ್ಳಿಯ ಕಡೆ. ಇಂಥ ಕಾಡುಗಳಲ್ಲಿ ಅವರ ಚಕ್ರ ಉರುಳುವುದು ಹೆಚ್ಚಾಗಿ ಯಾರೂ ಯೋಜಿಸದ ಜಾಡಿನಲ್ಲಿ. ದನಕರು ನಡೆದು ಮಾಡಿದ ದಾರಿ, ಬೆಂಕಿ ಹರಡದಂತೆ ಇಲಾಖೆ ಸವರಿದ ಬೆಂಕಿರೇಖೆ, ಹಳೆಯ ಗಾಡಿದಾರಿ. ‘ನಮಗೂ ಒಂದು ಸರಿಯಾದ ಟ್ರೇಲ್ ಬೇಕು’ ಎಂಬ ಮಾತು ಸವಾರರ ನಡುವೆ ಮೇಲಿಂದ ಮೇಲೆ ಬರುತ್ತದೆ. ಬೇಡಿಕೆ ನ್ಯಾಯವಾದದ್ದೇ. ಮೌಂಟನ್ ಬೈಕಿಂಗ್ 1996ರಿಂದ ಒಲಿಂಪಿಕ್ಸ್‌ನಲ್ಲಿರುವ ಆಟ. ವಿಜಯಪುರ, ಬಾಗಲಕೋಟೆ, ಗದಗದಂಥ ಜಿಲ್ಲೆಗಳಿಂದ ಒಳ್ಳೆಯ ಸೈಕ್ಲಿಸ್ಟ್‌ಗಳು ಬಂದಿರುವ ರಾಜ್ಯ ನಮ್ಮದು. ಆದರೆ ಕೇಳುವ ಕ್ರಮ ಬಹಳ ಮಂದಿಗೆ ತಿಳಿದಿಲ್ಲ. ಹಾರೆ ಗುದ್ದಲಿ ಹಿಡಿದು ಮೀಸಲು ಅರಣ್ಯಕ್ಕೆ ನುಗ್ಗಿ ನೆಲ ಅಗೆದರೆ ಅದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಉದ್ದೇಶ ಒಳ್ಳೆಯದಿತ್ತು ಎಂದರೆ ಕೇಸು ತಪ್ಪುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಸುತ್ತಮುತ್ತ ಹೊಸದಾಗಿ ಹಾದಿ ಕಡಿಯುವ ಅಗತ್ಯ ತೀರಾ ಕಡಿಮೆ. ಇರುವ ಜಾಡುಗಳಲ್ಲಿ ಒಳ್ಳೆಯದನ್ನು ಉಳಿಸಿ, ಕೆಟ್ಟದ್ದನ್ನು ಮುಚ್ಚಿ, ಅಲ್ಲಲ್ಲಿ ಮಾತ್ರ ದಿಕ್ಕು ಬದಲಿಸಿದರೆ ಸಾಕು. ಇಲಾಖೆಯ ಮುಂದೆ ನಿಲ್ಲಬಲ್ಲ ಪ್ರಸ್ತಾವವೂ ಅಂಥದ್ದೇ.

ಜಾಗ ಯಾವ ಬಗೆಯದು?

ಮರ ಇರುವ ಜಾಗವೆಲ್ಲ ಒಂದೇ ಕಾನೂನಿನ ಕೆಳಗೆ ಬರುವುದಿಲ್ಲ. ಮೀಸಲು ಅರಣ್ಯ, ರಾಜ್ಯ ಅರಣ್ಯ, ಡೀಮ್ಡ್ ಅರಣ್ಯ, ಗೋಮಾಳ, ಖಾಸಗಿ ನೀಲಗಿರಿ ತೋಪು, ಇವೆಲ್ಲ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆದು ಜಾಡಿನ ಮೇಲೆ ನಿಂತರೆ ನಿಮ್ಮ ಕಾಲಡಿಯ ಸರ್ವೆ ನಂಬರ್ ಕಾಣುತ್ತದೆ. ಹಾದಿಯುದ್ದಕ್ಕೂ ಹೀಗೆ ನಂಬರ್ ಬರೆದುಕೊಳ್ಳಿ. ಆಮೇಲೆ ಆ ನಂಬರ್‌ಗಳ ಅರಣ್ಯ ಅಧಿಸೂಚನೆಯ ಪ್ರತಿ ಮತ್ತು ಆ ವಿಭಾಗದ ಕಾರ್ಯಯೋಜನೆಯ ಸಂಬಂಧಪಟ್ಟ ಪುಟಗಳನ್ನು ಮಾಹಿತಿ ಹಕ್ಕಿನಡಿ ಕೇಳಿ ಪಡೆಯಿರಿ. ಅರಣ್ಯ ಇಲಾಖೆ ಪ್ರತಿ ವಿಭಾಗಕ್ಕೂ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಸಿದ್ಧಪಡಿಸುವ ದಾಖಲೆ ಈ ಕಾರ್ಯಯೋಜನೆ. ಎಲ್ಲಿ ಗಿಡ ನೆಡುವುದು, ಎಲ್ಲಿ ಬೆಂಕಿರೇಖೆ ಸವರುವುದು ಎಂಬುದೆಲ್ಲ ಅದರಲ್ಲಿರುತ್ತದೆ.

ಈ ದಾಖಲೆಗೆ ಇಷ್ಟು ಮಹತ್ವ ಕೊಡಲು ಕಾರಣವಿದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ಬಂದ ತಿದ್ದುಪಡಿ, ಕಾರ್ಯಯೋಜನೆಯಲ್ಲಿ ಸೇರಿರುವ ಪರಿಸರ ಪ್ರವಾಸದ ಸೌಕರ್ಯಗಳನ್ನು ಅರಣ್ಯೇತರ ಬಳಕೆ ಎಂದು ಎಣಿಸುವುದಿಲ್ಲ. ಯೋಜನೆಯಲ್ಲಿ ಇಲ್ಲದ್ದನ್ನು ಕೇಳಿದರೆ ಕಡತ ಮೊದಲ ಮೇಜಿನಲ್ಲೇ ನಿಲ್ಲುತ್ತದೆ. ಆ ತಿದ್ದುಪಡಿಯನ್ನೇ ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿವೆ. ಹಾಗಾಗಿ ಕಟ್ಟಡ, ಕಾಂಕ್ರೀಟು ಇರುವ ಪ್ರಸ್ತಾವ ಇಟ್ಟು ತೊಡಕಿಗೆ ಸಿಲುಕಬೇಡಿ.

ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ, ನಮ್ಮಲ್ಲಿ ಬನ್ನೇರುಘಟ್ಟದೊಳಗೆ, ಒಂದು ಮೀಟರ್ ಜಾಡು ಬಂದರೂ ಆ ಆಸೆ ಬಿಡಿ. ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಿಗಿ ಬೇರೆಯದೇ, ಆನೆಗಳ ಓಡಾಟವೂ ಇದೆ. ಬಿಡುವುದೇ ಸರಿ.

ತುರಹಳ್ಳಿ ಕಲಿಸಿದ್ದು

2021ರ ಫೆಬ್ರುವರಿಯಲ್ಲಿ ತುರಹಳ್ಳಿಯಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ ಹೊರಬಿದ್ದಾಗ ಅಕ್ಕಪಕ್ಕದ ನಿವಾಸಿಗಳು, ವಾಕಿಂಗ್ ಬರುವವರು, ಬಂಡೆ ಹತ್ತುವವರು, ಸೈಕ್ಲಿಸ್ಟ್‌ಗಳು ಒಟ್ಟಾಗಿ ವಿರೋಧಿಸಿದರು. ಕಾಡು ಕಾಡಾಗಿಯೇ ಇರಲಿ, ಉದ್ಯಾನವಾಗುವುದು ಬೇಡ ಎಂಬುದು ಅವರ ಮಾತು. ಟ್ರೇಲ್ ಕೇಳುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅಂದು ಜೊತೆಗೆ ನಿಂತವರೇ ನಾಳೆ ನಿಮ್ಮ ಪ್ರಸ್ತಾವವನ್ನು ಅದೇ ಕಣ್ಣಿನಿಂದ ನೋಡುತ್ತಾರೆ. ನಿಮ್ಮ ಪತ್ರದ ಮೊದಲ ಪುಟದಲ್ಲೇ ಸ್ಪಷ್ಟವಾಗಿ ಬರೆಯಿರಿ: ಕಾಂಕ್ರೀಟು ಇಲ್ಲ, ಟೈಲ್ಸ್ ಇಲ್ಲ, ದೀಪ ಇಲ್ಲ, ಪಾರ್ಕಿಂಗ್ ಇಲ್ಲ, ಒಂದು ಮರವನ್ನೂ ಕಡಿಯುವುದಿಲ್ಲ.

ನೀರು ಹರಿಯುವ ದಾರಿ ಓದಿ

ಮಣ್ಣಿನ ಹಾದಿಗೆ ಸೈಕಲ್‌ಗಿಂತ ನೀರೇ ದೊಡ್ಡ ಶತ್ರು. ಗುಡ್ಡದ ನೆತ್ತಿಯಿಂದ ನೇರ ಕೆಳಕ್ಕಿಳಿಯುವ ಯಾವುದಾದರೂ ಜಾಡನ್ನು ಹತ್ತಿರದಿಂದ ನೋಡಿ. ಮೊದಲು ಅಲ್ಲಿರುವುದು ಟೈರಿನ ಗೆರೆ ಮಾತ್ರ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗೆರೆ ಕೊರಕಲಾಗುತ್ತದೆ. ಕೆಮ್ಮಣ್ಣು ತೊಳೆದುಹೋಗಿ ಅಡಿಯ ಗರಸು ಮೇಲೇಳುತ್ತದೆ, ಮರದ ಬೇರು ಬರಿದಾಗುತ್ತದೆ. ಬ್ರೇಕ್ ಹಿಡಿದರೆ ಗರಸಿನ ಮೇಲೆ ಹಿಂದಿನ ಚಕ್ರ ಜಾರುತ್ತದೆ. ಸವಾರರು ಕೊರಕಲು ತಪ್ಪಿಸಲು ಪಕ್ಕದ ಹುಲ್ಲಿಗೆ ಹೊರಳುತ್ತಾರೆ. ಅಲ್ಲೂ ಗೆರೆ, ಅಲ್ಲೂ ಕೊರಕಲು. ಹೀಗೆ ಒಂದು ಹಾದಿ ಮೂರಾಗಿ ಕಾಡಿನ ನೆಲ ಅಗಲಕ್ಕೆ ಹರಿದುಹೋಗುತ್ತದೆ.

ಇದಕ್ಕೆ ಮದ್ದು, ಗುಡ್ಡವನ್ನು ನೇರ ಇಳಿಯದೆ ಅದರ ಮಗ್ಗುಲನ್ನು ಅಡ್ಡಲಾಗಿ ಬಳಸಿ ಸಾಗುವ ಹಾದಿ. 1988ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘ ಇದಕ್ಕೆ ಸುಲಭವಾದ ಕೆಲವು ಅಳತೆಗಳನ್ನು ರೂಢಿಗೆ ತಂದಿದೆ. ಹಾದಿಯ ಇಳಿಜಾರು ಗುಡ್ಡದ ಮಗ್ಗುಲಿನ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು. ಮಗ್ಗುಲು ಶೇ 16ರಷ್ಟು ಇಳಿಜಾರಾಗಿದ್ದರೆ ಹಾದಿ ಶೇ 8 ಮೀರಬಾರದು. ಮೀರಿದರೆ ನೀರು ಹಾದಿಯನ್ನು ದಾಟಿ ಹೋಗದೆ ಹಾದಿಯುದ್ದಕ್ಕೂ ಹರಿಯುತ್ತದೆ. ಇಡೀ ಹಾದಿಯ ಸರಾಸರಿ ಶೇ 10ರ ಒಳಗಿರಲಿ. ಹಾದಿಯ ಮೇಲ್ಮೈ ಹೊರಬದಿಗೆ, ಅಂದರೆ ಕಣಿವೆಯ ಕಡೆಗೆ, ಶೇ 5ರಷ್ಟು ವಾಲಿರಬೇಕು: ಒಂದು ಮೀಟರ್ ಅಗಲಕ್ಕೆ ಐದು ಸೆಂಟಿಮೀಟರ್. ಇನ್ನೊಂದು ಮುಖ್ಯ ಉಪಾಯ, ಇಳಿಯುವ ಹಾದಿ ಹತ್ತು ಹದಿನೈದು ಮೀಟರಿಗೊಮ್ಮೆ ಒಂದಿಷ್ಟು ಏರಿ ಮತ್ತೆ ಇಳಿಯುವಂತೆ ಮಾಡುವುದು. ಆ ಪುಟ್ಟ ಏರಿನ ಬುಡದಲ್ಲಿ ನೀರು ಹೊರಗೆ ಜಾರಿಕೊಳ್ಳುತ್ತದೆ. ಸವಾರನಿಗೆ ಇದೇ ಏರಿಳಿತ ಮಜಾ ಕೊಡುತ್ತದೆ.

ಇಳಿಜಾರು ಅಳೆಯಲು ಫೋನಿನ ಕ್ಲೈನೋಮೀಟರ್ ಆ್ಯಪ್ ಸಾಕು. ಆದರೆ ಅಳೆಯಲು ಹೋಗುವ ಕಾಲ ಸರಿಯಾಗಿರಬೇಕು. ಬೆಂಗಳೂರಿಗೆ ವರ್ಷದ ಅತಿ ಹೆಚ್ಚು ಮಳೆ ಬರುವುದು ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ಅಕ್ಟೋಬರೂ ಕಡಿಮೆಯಿಲ್ಲ. ಜೋರು ಮಳೆಯ ಮರುದಿನ, ಸೈಕಲ್ ಬಿಟ್ಟು, ನಡೆದು ನೋಡಿ. ಎಲ್ಲಿ ನೀರು ನಿಂತಿದೆ, ಎಲ್ಲಿ ಮಣ್ಣು ಬಂದು ಕೂತಿದೆ, ಎಲ್ಲಿ ಬಂಡೆಯ ಮೇಲಿಂದ ಇಳಿದ ನೀರು ಜಾಡಿಗೆ ಸೇರುತ್ತಿದೆ ಎಂಬುದನ್ನು ಜಿಪಿಎಸ್ ಗುರುತಿನೊಂದಿಗೆ ಫೋಟೊ ತೆಗೆದುಕೊಳ್ಳಿ. ದನ ಕಾಯುವವರು ಸಿಕ್ಕರೆ ತಪ್ಪದೆ ಮಾತಾಡಿಸಿ. ‘ಮಳೆ ಬಂದ್ರೆ ಇದೇ ಹಳ್ಳ ಆಗೋಗತ್ತೆ ಕಣಣ್ಣ, ಆ ಬಂಡೆ ಮೇಲ್ಗಡೆಯಿಂದ ಬಳಸ್ಕೊಂಡೋಗಿ’ ಎಂಬಂಥ ಒಂದು ಮಾತು ಯಾವ ಆ್ಯಪೂ ಕೊಡದ ಮಾಹಿತಿ. ಬಂಡೆಯ ವಿಷಯಕ್ಕೆ ಬಂದರೆ, ನಮ್ಮ ಬೆಂಗಳೂರು ಸೀಮೆಯ ಹಾಸುಬಂಡೆ ದೊಡ್ಡ ವರ. ಚಕ್ರ ಉರುಳಿದರೂ ಅದು ಸವೆಯುವುದಿಲ್ಲ. ಕಷ್ಟದ ಇಳಿತ, ಜಿಗಿತ ಬೇಕೆನ್ನುವವರಿಗೆ ಹಾದಿಯನ್ನು ಬಂಡೆಯ ಮೇಲೆಯೇ ಹಾಯಿಸಿ.

ಅಲ್ಲಿ ಮೊದಲಿಂದ ಇರುವವರು

ಸುತ್ತಲಿನ ಹಳ್ಳಿಯಲ್ಲಿ ಗ್ರಾಮ ಅರಣ್ಯ ಸಮಿತಿ ಇದ್ದರೆ ಅದರ ಅಧ್ಯಕ್ಷರನ್ನು, ಗ್ರಾಮ ಪಂಚಾಯಿತಿಯನ್ನು, ಕಾಡಿನೊಳಗೆ ಗುಡಿ ಇದ್ದರೆ ಅಲ್ಲಿಯ ಪೂಜಾರಿಯನ್ನು ಮೊದಲೇ ಕಂಡು ಮಾತಾಡಿ. ಜಾತ್ರೆಯ ದಿನ, ದನ ಹೊರಡುವ ಹೊತ್ತು ಗೊತ್ತಾಗುತ್ತದೆ. ನಡೆಯುವವರೂ ಬರುವ ಹಾದಿಯಾದರೆ ತಿರುವಿಗೆ ಮುಂಚೆ ಕಲ್ಲಿಟ್ಟು ಹಾದಿ ಕಿರಿದು ಮಾಡಿ. ಸೈಕಲ್ ತಾನಾಗಿ ನಿಧಾನವಾಗುತ್ತದೆ. ಸೈಕಲ್ ಒಂದೇ ದಿಕ್ಕಿನಲ್ಲಿ ಸುತ್ತು ಬರುವಂತೆ ಯೋಜಿಸಿದರೆ ಎದುರುಬದುರು ಡಿಕ್ಕಿಯ ಭಯವಿಲ್ಲ.

ಪ್ರಾಣಿಗಳ ವಿಷಯ ಹಗುರವಾಗಿ ನೋಡುವಂಥದ್ದಲ್ಲ. 2022ರ ಡಿಸೆಂಬರ್‌ನಲ್ಲಿ ತುರಹಳ್ಳಿ ಕಡೆ ಚಿರತೆ ಕಾಣಿಸಿಕೊಂಡಿದ್ದನ್ನು ಓದುಗರು ಮರೆತಿರಲಾರರು. ಬೆಳಗಾದ ಮೇಲೆ ತೆರೆಯುವ, ಸಂಜೆಗೆ ಮುಂಚೆ ಮುಚ್ಚುವ ಸಮಯವನ್ನು ನೀವೇ ಸೂಚಿಸಿ. ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ಸವಾರಿ ಕೇಳಲೇಬೇಡಿ. ಟಿಟ್ಟಿಭದಂಥ ಹಕ್ಕಿಗಳು ಬೇಸಿಗೆಯಲ್ಲಿ ಬಯಲು ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಬಯಲು, ಕೆರೆಯಂಚು, ಹುತ್ತಗಳ ಸಾಲನ್ನು ದೂರದಿಂದಲೇ ಬಳಸಿ. ಲಂಟಾನ ಕವಿದು ಬೇರೇನೂ ಬೆಳೆಯದ ಜಾಗ, ಹಳೆಯ ನೀಲಗಿರಿ ನೆಡುತೋಪು, ಇಂಥವು ಹಾದಿಗೆ ಒಳ್ಳೆಯ ಆಯ್ಕೆ.

ಕಡತ ಎಲ್ಲಿಂದ ಹೊರಡಬೇಕು?

ಅರಣ್ಯ ಇಲಾಖೆಯ ಕೇಂದ್ರ ಕಚೇರಿ ಅರಣ್ಯ ಭವನ ಇರುವುದು ಮಲ್ಲೇಶ್ವರಂ 18ನೇ ಅಡ್ಡರಸ್ತೆಯಲ್ಲಿ. ಶೇಷಾದ್ರಿಪುರದವರಿಗೆ ಸೈಕಲ್‌ನಲ್ಲೇ ಹೋಗಿಬರುವ ದೂರ. ಹತ್ತಿರವಿದೆಯೆಂದು ನೇರ ಅಲ್ಲಿಗೆ ಅರ್ಜಿ ಕೊಟ್ಟರೆ ಅದು ವರದಿಗಾಗಿ ಮತ್ತೆ ಕೆಳಗೇ ಇಳಿಯುತ್ತದೆ. ಮೊದಲು ಆ ವಲಯದ ಅರಣ್ಯಾಧಿಕಾರಿಯನ್ನು ಕಾಣಿ. ತುರಹಳ್ಳಿಯಾದರೆ ಕಗ್ಗಲೀಪುರ ವಲಯ. ಬೀಟ್ ಗಾರ್ಡ್ ಜೊತೆ ಒಂದು ಬೆಳಗ್ಗೆ ನಡೆಯಲು ಅವಕಾಶ ಕೇಳಿ; ಕಾಡಿನ ಮೂಲೆಮೂಲೆ ತಿಳಿದವರು ಅವರೇ. ಅವರ ಮಾತಿನಂತೆ ನಕ್ಷೆ ತಿದ್ದಿದ ಮೇಲೆ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಲಿಖಿತ ಪ್ರಸ್ತಾವ ಕೊಡಿ, ಪ್ರತಿಯನ್ನು ಕರ್ನಾಟಕ ಪರಿಸರ ಪ್ರವಾಸೋದ್ಯಮ ಅಭಿವೃದ್ಧಿ ಮಂಡಳಿಗೆ ಕಳಿಸಿ. ಒಬ್ಬೊಬ್ಬರ ಹೆಸರಿನಲ್ಲಿ ಬೇಡ, ನೋಂದಾಯಿತ ಸಂಘದ ಹೆಸರಿನಲ್ಲಿರಲಿ.

ಪ್ರಸ್ತಾವ ಕನ್ನಡದಲ್ಲಿ, ಐದಾರು ಪುಟದೊಳಗೆ ಇರಲಿ. ಸರ್ವೆ ನಂಬರ್ ಸಹಿತ ನಕ್ಷೆ, ಉಳಿಸುವ ಜಾಡು ಹಸಿರಿನಲ್ಲಿ, ಮುಚ್ಚುವ ಜಾಡು ಕೆಂಪಿನಲ್ಲಿ. ಮುಚ್ಚುವ ಉದ್ದ ಹೊಸದಾಗಿ ಕೇಳುವ ಉದ್ದಕ್ಕಿಂತ ಹೆಚ್ಚಿದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಹಾದಿಯ ಅಗಲ ಮೂರಡಿ ಮೀರದಿರಲಿ. ದಿನಕ್ಕೆ ಎಷ್ಟು ಸವಾರರು ಎಂಬ ಮಿತಿಯನ್ನೂ ಬರೆಯಿರಿ. 2024ರ ಜನವರಿಯಲ್ಲಿ ಕುಮಾರಪರ್ವತದ ಚಾರಣದ ಹಾದಿಯಲ್ಲಿ ಜನ ಕಿಕ್ಕಿರಿದ ಮೇಲೆ ಚಾರಣಕ್ಕೆ ನಿರ್ಬಂಧ ಬಂತು. ಅದೇ ವರ್ಷ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಆನ್‌ಲೈನ್ ಬುಕಿಂಗ್ ಶುರುವಾಯಿತು. ಸೈಕಲ್ ಹಾದಿಗೂ ಇದೇ ಬುಕಿಂಗ್ ವ್ಯವಸ್ಥೆ ಸಾಕೆಂದು ಸೂಚಿಸಬಹುದು.

ಅನುಮತಿ ಬಂದ ಮೇಲೆ

ಅನುಮತಿ ಬರಲು ತಿಂಗಳುಗಳೇ ಹಿಡಿಯಬಹುದು. ನಡುವೆ ಅಧಿಕಾರಿ ವರ್ಗವಾದರೆ ಹೊಸಬರಿಗೆ ಮತ್ತೆ ಮೊದಲಿಂದ ವಿವರಿಸಿ. ಲಿಖಿತ ಆದೇಶ ಕೈಗೆ ಬಾರದೆ ಒಂದು ಕಲ್ಲನ್ನೂ ಸರಿಸಬೇಡಿ. ಕೆಲಸಕ್ಕೆ ಒಳ್ಳೆಯ ಕಾಲ ಅಕ್ಟೋಬರ್ ಕೊನೆಯಿಂದ ಡಿಸೆಂಬರ್: ಮಣ್ಣಿನಲ್ಲಿ ಪಸೆ ಇರುತ್ತದೆ, ಗುದ್ದಿದರೆ ಗಟ್ಟಿಯಾಗಿ ಕೂರುತ್ತದೆ. ಫೆಬ್ರುವರಿ ಬಂತೆಂದರೆ ಕಾಳ್ಗಿಚ್ಚಿನ ಕಾಲ, ಇಲಾಖೆಯ ಸಿಬ್ಬಂದಿಗೆ ಬಿಡುವಿರುವುದಿಲ್ಲ. ಗುದ್ದಲಿ, ಪಿಕಾಸಿ, ಹಾರೆ, ಬಾಂಡ್ಲಿ ಸಾಕು. ಜೆಸಿಬಿ ಕಾಡಿನ ಅಂಚಿಗೂ ಬರಬಾರದು. ಅಗೆದ ಮಣ್ಣನ್ನು ಕೆಳಬದಿಗೆ ಗುಡ್ಡೆ ಹಾಕಿದರೆ ನೀರಿಗೆ ಕಟ್ಟೆ ಕಟ್ಟಿದಂತಾಗುತ್ತದೆ, ದೂರಕ್ಕೆ ಚೆಲ್ಲಿ. ಮುಚ್ಚುವ ಜಾಡಿಗೆ ಅಡ್ಡಲಾಗಿ ಕಲ್ಲು, ಒಣ ಕೊಂಬೆ ಹಾಕಿ, ಕೊರಕಲಿನಲ್ಲಿ ಹಂತಹಂತವಾಗಿ ಕಲ್ಲೊಡ್ಡು ಕಟ್ಟಿ. ಆ ಜಾಡಿನ ಬಾಯಿಯ ಹತ್ತು ಮೀಟರ್ ಕಣ್ಣಿಗೆ ಕಾಣದಂತೆ ಮುಚ್ಚಿದರೆ ಸವಾರರು ಅತ್ತ ತಿರುಗುವುದಿಲ್ಲ.

ಮೊದಲ ಮಳೆಗಾಲ ಪೂರ್ತಿ ಹಾದಿಯನ್ನು ತೆರೆಯದೆ ಬಿಡಿ. ಮಳೆ ನಿಂತ ಮೇಲೆ ವಲಯ ಅರಣ್ಯಾಧಿಕಾರಿಯನ್ನು ಕರೆದುಕೊಂಡು ಹಾದಿಯುದ್ದಕ್ಕೂ ನಡೆಯಿರಿ, ನೀರು ಗೆದ್ದ ಕಡೆಗಳನ್ನು ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿ. ಆ ಪಟ್ಟಿಯ ರಿಪೇರಿ ಮುಗಿದ ದಿನ ಬುಕಿಂಗ್ ತೆರೆಯಲು ಕೇಳಿಕೊಳ್ಳಿ.