ಗ್ಯಾಬೊರೋನ್‌ಗೆ ಹೊರಟ ಕಿರಿಯ ಡಾಕ್ಟರಿಗೆ



ಎಚ್‌ಐವಿ ಚಿಕಿತ್ಸೆಯ ಪಾಠ ಹೇಳಲು ಆಫ್ರಿಕಾಕ್ಕೆ ಹೊರಟಿದ್ದೀಯಂತೆ, ಸಂತೋಷ. ಗಂಟುಮೂಟೆ ಕಟ್ಟುವ ಮೊದಲು ಬೋಟ್ಸ್ವಾನಾದ ಕಥೆ ಸ್ವಲ್ಪ ಕೇಳಿಕೋ.

2002ರ ಜನವರಿಯಲ್ಲಿ ಆ ದೇಶ, ರಾಜಧಾನಿ ಗ್ಯಾಬೊರೋನ್‌ನ ಪ್ರಿನ್ಸೆಸ್ ಮರೀನಾ ಆಸ್ಪತ್ರೆಯಲ್ಲಿ ಎಚ್‌ಐವಿ ಔಷಧಿಯನ್ನು ಉಚಿತವಾಗಿ ಕೊಡತೊಡಗಿತು. ಯೋಜನೆಯ ಹೆಸರು ‘ಮಾಸಾ’. ಸೆಟ್ಸ್ವಾನಾ ಭಾಷೆಯಲ್ಲಿ ಹೊಸ ಬೆಳಗು ಎಂದರ್ಥ. ವಜ್ರದ ಗಣಿಗಳ ದೇಶವಾದ್ದರಿಂದ ದುಡ್ಡಿತ್ತು, ಅಧ್ಯಕ್ಷ ಫೆಸ್ಟಸ್ ಮೊಗಾಯೆಗೆ ಮನಸ್ಸೂ ಇತ್ತು. ಆದರೆ ಡಾಕ್ಟರುಗಳೇ ಸಾಲುತ್ತಿರಲಿಲ್ಲ. ಮೆಡಿಕಲ್ ಕಾಲೇಜಿಲ್ಲದೆ ಹುಡುಗರನ್ನು ಹೊರದೇಶಕ್ಕೆ ಓದಲು ಕಳಿಸುತ್ತಿದ್ದರು. ಹೋದವರಲ್ಲಿ ಅನೇಕರು ಅಲ್ಲೇ ನೆಲೆನಿಂತರು. (ನಮಗೇನು ಇದು ಹೊಸ ಸುದ್ದಿಯಲ್ಲ ಬಿಡು.) ಬೋಟ್ಸ್ವಾನಾ ವಿಶ್ವವಿದ್ಯಾಲಯಕ್ಕೆ ವೈದ್ಯ ವಿದ್ಯಾರ್ಥಿಗಳ ಮೊದಲ ತಂಡ ಸೇರಿದ್ದು 2009ರಲ್ಲಿ.

ರೋಗ ಅಲ್ಲಿಯತನಕ ಕಾಯುತ್ತದೆಯೇ? ಸರ್ಕಾರ ಹಾರ್ವರ್ಡ್‌ ಜೊತೆ ಕೈಜೋಡಿಸಿ ‘ಕಿಟ್ಸೊ’ ತರಬೇತಿ ಶುರುಮಾಡಿತು. ಕಿಟ್ಸೊ ಎಂದರೆ ಅರಿವು. ಡಾಕ್ಟರು, ನರ್ಸು, ಫಾರ್ಮಸಿಸ್ಟ್ ಎಲ್ಲರೂ ಅಲ್ಲಿ ವಿದ್ಯಾರ್ಥಿಗಳೇ. ಹೊರಗಿನ ಪರಿಣತರು ಕೂಡ ಬಂದು, ಸ್ಥಳೀಯರ ಪಕ್ಕದ ಕುರ್ಚಿಯಲ್ಲಿ ಕೂತು, ಒಟ್ಟಿಗೆ ರೋಗಿಗಳನ್ನು ನೋಡುತ್ತ ಕಲಿಸಿದರು. ಕ್ಷಯಕ್ಕೆ ರಿಫಾಂಪಿಸಿನ್ ಕೊಟ್ಟರೆ ನೆವಿರಪಿನ್‌ನ ಬಲ ಕುಗ್ಗುತ್ತದೆ, ಜಿಡೊವುಡಿನ್‌ನಿಂದ ಕೆಲವರಿಗೆ ರಕ್ತಹೀನತೆ ಬರುತ್ತದೆ ಎಂಬುದೆಲ್ಲ ಸ್ಲೈಡಿನಲ್ಲೂ ಸಿಗುತ್ತದೆ. ಎದುರಿಗೆ ಕೂತ ಹೆಂಗಸು ಮಾತ್ರೆ ಬಿಟ್ಟದ್ದು ಬಸ್ಸಿನ ದುಡ್ಡಿಲ್ಲದೆ ಎಂಬುದು ಯಾವ ಸ್ಲೈಡಿನಲ್ಲಿದೆ?

ದಕ್ಷಿಣ ಆಫ್ರಿಕಾದ ಲುಸಿಕಿಸಿಕಿಯದು ಇನ್ನೂ ಕಷ್ಟದ ಪಾಡು. ಸುಮಾರು 1,50,000 ಜನಕ್ಕೆ ಒಂದು ಆಸ್ಪತ್ರೆ, 12 ಕ್ಲಿನಿಕ್ಕು. ಡಾಕ್ಟರುಗಳನ್ನು ಹುಡುಕಿಕೊಂಡು ಕೂರುವ ಬದಲು, 2003ರಿಂದ 2006ರವರೆಗೆ ಅಲ್ಲಿ ದುಡಿದ ಎಂಎಸ್‌ಎಫ್ (ಗಡಿಗಳಿಲ್ಲದ ವೈದ್ಯರು) ಸಂಸ್ಥೆ ನರ್ಸುಗಳ ಕೈಗೇ ಚಿಕಿತ್ಸೆ ಒಪ್ಪಿಸಿತು, ಜೊತೆಗೆ ನಿಂತು ಕಲಿಸಿತು. ಆಮೇಲೆ ಲೆಕ್ಕ ಹಾಕಿದಾಗ, ಆಸ್ಪತ್ರೆಯಲ್ಲಿ ಚಿಕಿತ್ಸೆಯ ನಡುವೆ ಕಣ್ಮರೆಯಾದವರು ಶೇ 19, ಕ್ಲಿನಿಕ್ಕುಗಳಲ್ಲಿ ಶೇ 2! ಕ್ಲಿನಿಕ್ಕು ಮನೆಗೆ ಹತ್ತಿರವಿತ್ತಲ್ಲ.

ಬೋಟ್ಸ್ವಾನಾವೂ ಸುಮ್ಮನೆ ಕೂರಲಿಲ್ಲ. ತಾಯಿಯಿಂದ ಮಗುವಿಗೆ ಸೋಂಕು ದಾಟುವುದನ್ನು ತಗ್ಗಿಸಿದ್ದಕ್ಕಾಗಿ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಿಂದ ಬೆಳ್ಳಿ ದರ್ಜೆಯ ಮಾನ್ಯತೆ ಪಡೆಯಿತು.

ಅದಕ್ಕೇ ಈ ಕಾಗದ. ಮೊದಲ ವಾರ ಪಾಠ ಹೇಳಬೇಡ, ಕ್ಲಿನಿಕ್ಕಿನ ಮೂಲೆಯಲ್ಲಿ ಕೂತು ನೋಡು. ‘ಡುಮೆಲಾ’ ಎಂದು ನಮಸ್ಕಾರ ಹೇಳುವುದನ್ನು ವಿಮಾನದಲ್ಲೇ ಕಲಿತುಬಿಡು. ದೊಡ್ಡ ಆಸ್ಪತ್ರೆಯ ಸೆಮಿನಾರ್ ಹಾಲಿಗೆ ಎಷ್ಟು ದಿನವೋ, ದೂರದ ಕ್ಲಿನಿಕ್ಕಿನ ನರ್ಸಿಗೆ ಅದರ ಎರಡರಷ್ಟು ದಿನ ಕೊಡು.

ತಲುಪಿದ ಮೇಲೆ ಬರಿ. ಆ ನರ್ಸುಗಳ ಹೆಸರು ಮೊದಲ ಕಾಗದದಲ್ಲೇ ಇರಲಿ.