ಘಟ್ಟದ ಮೇಲಿನ ನಿರ್ದೇಶಕ ತತ್ತ್ವಗಳು

ಭಾರತದ ಸಂವಿಧಾನದ ನಾಲ್ಕನೆಯ ಭಾಗದಲ್ಲಿ, 36ರಿಂದ 51ರವರೆಗಿನ ಅನುಚ್ಛೇದಗಳಲ್ಲಿ, ರಾಜ್ಯವು ಪ್ರಜೆಗಳ ಯೋಗಕ್ಷೇಮಕ್ಕಾಗಿ ಏನೇನನ್ನು ಸಾಧಿಸಲು ಯತ್ನಿಸತಕ್ಕದ್ದೆಂಬ ಸಂಕಲ್ಪಗಳನ್ನು ಹೇಳಲು ಹೊರಟು, ಅದರ ಹೊಸ್ತಿಲಲ್ಲಿಯೇ, ಎಂದರೆ 37ನೆಯ ಅನುಚ್ಛೇದದಲ್ಲಿ, ಇವುಗಳಲ್ಲಿ ಯಾವುದನ್ನೂ ಯಾವ ನ್ಯಾಯಾಲಯವೂ ಜಾರಿಗೊಳಿಸಲಾರದೆಂದೂ, ಆದರೂ ದೇಶದ ಆಡಳಿತಕ್ಕೆ ಇವು ಮೂಲಭೂತವಾದುವೆಂದೂ, ಕಾನೂನು ರಚಿಸುವಾಗ ಇವನ್ನು ಅನ್ವಯಿಸುವುದು ರಾಜ್ಯದ ಕರ್ತವ್ಯವೆಂದೂ ಒಂದೇ ಉಸಿರಿನಲ್ಲಿ ಹೇಳಿರುವುದನ್ನು ಓದಿದವನಿಗೆ, ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಂಡಂತೆ ತೋರಿದರೆ ಆಶ್ಚರ್ಯವಿಲ್ಲ. ಸಂವಿಧಾನ ಸಭೆಯಲ್ಲಿಯೂ ಈ ಆಕ್ಷೇಪ ಎದ್ದಿತ್ತು. ಹಕ್ಕುಗಳನ್ನು ನ್ಯಾಯಾಲಯಕ್ಕೆ ಒಯ್ಯಬಹುದಾದುವು, ಒಯ್ಯಲಾಗದುವು ಎಂದು ವಿಂಗಡಿಸಲು ಸಲಹೆಯಿತ್ತವರಲ್ಲಿ ಪ್ರಮುಖರಾದವರು ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗ ರಾಯರು. ಕಣ್ಣ ಮುಂದಿದ್ದ ಮಾದರಿ 1937ರ ಐರ್ಲೆಂಡಿನ ಸಂವಿಧಾನ. 1948ರ ನವೆಂಬರಿನಲ್ಲಿ ಕರಡನ್ನು ಮಂಡಿಸುತ್ತ ಡಾ. ಅಂಬೇಡ್ಕರರು ಕೊಟ್ಟ ಸಮಾಧಾನವೆಂದರೆ, ಈ ತತ್ತ್ವಗಳನ್ನು ಮೀರಿದ ಸರ್ಕಾರವು ನ್ಯಾಯಾಲಯಕ್ಕೆ ಉತ್ತರ ಕೊಡಬೇಕಾಗದಿದ್ದರೂ ಚುನಾವಣೆಯ ಹೊತ್ತಿಗೆ ಮತದಾರನಿಗೆ ಉತ್ತರ ಕೊಟ್ಟೇ ತೀರಬೇಕೆಂಬುದು.

ಆ ಸಮಾಧಾನ ಪೂರ್ತಿ ಸಾಲದು. ತತ್ತ್ವವು ತಾನಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಲಾರದು, ನಿಜ. ಆದರೆ ಶಾಸನಸಭೆ ಅದನ್ನು ಒಂದು ಕಾಯ್ದೆಯಾಗಿ ಮಾಡಿದ ದಿನದಿಂದ ಅದಕ್ಕೆ ನಮೂನೆಯೂ ಅವಧಿಯೂ ಸಮಿತಿಯೂ ಮೇಲ್ಮನವಿಯೂ ಹುಟ್ಟಿಕೊಳ್ಳುತ್ತವೆ, ಮತ್ತು ಆ ಬಳಿಕ ಅದು ಸರ್ಕಾರದ ಔದಾರ್ಯವಾಗಿ ಉಳಿಯದೆ ಪ್ರಜೆಯು ಕೇಳಿ ಪಡೆಯತಕ್ಕ ಹಕ್ಕಾಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಇದು ಒಮ್ಮೆ ಆಗಿಹೋದ ಸಂಗತಿ. ಸಮುದಾಯದ ಭೌತಿಕ ಸಂಪನ್ಮೂಲಗಳ ಒಡೆತನವು ಸರ್ವರ ಹಿತಕ್ಕೆ ಒದಗುವಂತೆ ಹಂಚಿಕೆಯಾಗಬೇಕೆನ್ನುವ 39ನೆಯ ಅನುಚ್ಛೇದವು, ಸಿದ್ದಾಪುರದ ಗಡಿಯಾಚೆ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ನಡೆಸಿದ ಸತ್ಯಾಗ್ರಹವನ್ನೂ, ಅದಕ್ಕಿಂತ ಮುಂಚೆ ಉತ್ತರ ಕನ್ನಡದಲ್ಲಿ ದಿನಕರ ದೇಸಾಯಿಯವರು ಕಟ್ಟಿದ ರೈತ ಚಳವಳಿಯನ್ನೂ ಬೆನ್ನಿಗಿಟ್ಟುಕೊಂಡು, 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆಯ ತಿದ್ದುಪಡಿಯ ರೂಪದಲ್ಲಿ ಇಲ್ಲಿಗೆ ಬಂದಿತು. ಏಳನೆಯ ನಮೂನೆಯಲ್ಲಿ ಡಿಕ್ಲರೇಶನ್ ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ನಿಂತ ಗೇಣಿದಾರ, ತಾನು ದುಡಿಯುತ್ತಿದ್ದ ಗದ್ದೆಗೆ, ತೋಟಕ್ಕೆ ಒಡೆಯನಾದ. ಶಾಲೆಯ ಹಕ್ಕು, ಉದ್ಯೋಗದ ಖಾತರಿ ಇವೂ ನಾಲ್ಕನೆಯ ಭಾಗದಿಂದ ಮೊಳೆತವೇ. ಸಹಕಾರ ಸಂಘಗಳನ್ನು ಪ್ರೋತ್ಸಾಹಿಸತಕ್ಕದ್ದೆಂಬ 43ಬಿ ಅನುಚ್ಛೇದ ಮಾತ್ರ ಸೇರಿದ್ದು 2012ರಲ್ಲಿ. ಶಿರಸಿಯ ತೋಟಿಗರು ತಮ್ಮ ಮಾರಾಟ ಸಂಘವನ್ನು 1923ರಲ್ಲಿಯೇ ಕಟ್ಟಿಕೊಂಡಿದ್ದರಾದುದರಿಂದ ಈ ಉಪದೇಶ ಅವರಿಗೆ ಸ್ವಲ್ಪ ತಡವಾಗಿ ತಲುಪಿತೆನ್ನಬೇಕು.

ತತ್ತ್ವಕ್ಕೂ ಹಕ್ಕಿಗೂ ನಡುವಣ ವ್ಯಾಜ್ಯವನ್ನು ಬಗೆಹರಿಸಿದ ಮಹಾ ಮೊಕದ್ದಮೆಗಳು ಕನ್ನಡದ ನೆಲದಿಂದಲೇ ಹೊರಟುವೆಂಬುದನ್ನು ಇಲ್ಲಿ ನೆನೆಯಬಹುದು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣೆಯನ್ನು ಪ್ರಶ್ನಿಸಿದ ಪ್ರಕರಣದಲ್ಲಿ 1973ರ ಏಪ್ರಿಲ್ 24ರಂದು ಸಂವಿಧಾನದ ಮೂಲರಚನೆಯ ಸಿದ್ಧಾಂತ ಮೂಡಿತು. ಬೆಂಗಳೂರಿನ ಮಿನರ್ವ ಮಿಲ್ಲಿನ ಪ್ರಕರಣದಲ್ಲಿ, 1980ರಲ್ಲಿ, ಮೂಲಭೂತ ಹಕ್ಕುಗಳಿಗೂ ನಿರ್ದೇಶಕ ತತ್ತ್ವಗಳಿಗೂ ನಡುವಣ ಸಾಮರಸ್ಯವೇ ಆ ಮೂಲರಚನೆಯ ಒಂದು ಅಂಗವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಒಂದನ್ನು ಕೊಂದು ಇನ್ನೊಂದನ್ನು ಉಳಿಸುವಂತಿಲ್ಲ.

ಆದರೆ ತತ್ತ್ವಕ್ಕೂ ತತ್ತ್ವಕ್ಕೂ ನಡುವೆಯೇ ತಿಕ್ಕಾಟ ಬಂದರೆ? ದುರ್ಬಲ ವರ್ಗಗಳ, ವಿಶೇಷವಾಗಿ ಪರಿಶಿಷ್ಟ ಜಾತಿ ಪಂಗಡಗಳ ಆರ್ಥಿಕ ಹಿತವನ್ನು ಕಾಪಾಡಿ ಅವರನ್ನು ಅನ್ಯಾಯದಿಂದ ರಕ್ಷಿಸಬೇಕೆಂದು 46ನೆಯ ಅನುಚ್ಛೇದ ಹೇಳುತ್ತದೆ. ಅರಣ್ಯವನ್ನೂ ವನ್ಯಜೀವಿಯನ್ನೂ ರಕ್ಷಿಸಬೇಕೆಂದು 1976ರ ತಿದ್ದುಪಡಿಯಿಂದ ಸೇರಿದ 48ಎ ಅನುಚ್ಛೇದ ಹೇಳುತ್ತದೆ. ಘಟ್ಟದ ಮೇಲಿನ ನಮ್ಮ ಸೀಮೆಯಲ್ಲಿ ಇವೆರಡೂ ಒಂದೇ ಗುಡ್ಡದ ಮೇಲೆ ಎದುರುಬದುರಾಗುತ್ತವೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಕಡೆಯ ಹಳ್ಳಿಗರು ಕಳಾಸೆಯ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದಾಗ ಅವರು ಆಚರಿಸಿದ್ದು 48ಎ ಅನುಚ್ಛೇದವನ್ನೇ. ಅದೇ ಸೀಮೆಯಲ್ಲಿ, ಅರಣ್ಯವೆಂದು ದಾಖಲಾದ ನೆಲದಲ್ಲಿ ಗುಡಿಸಲು ಕಟ್ಟಿ, ಅಷ್ಟಿಷ್ಟು ಗದ್ದೆ ಮಾಡಿ, ತಲೆಮಾರುಗಳಿಂದ ಬದುಕಿದ ಕುಟುಂಬಗಳೂ ಉಂಟು. ತೋಟಿಗರಿಗೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನಬೆಟ್ಟದ ಸವಲತ್ತನ್ನು ಬ್ರಿಟಿಷರ ಕಾಲದಿಂದ ಮಾನ್ಯ ಮಾಡಿದ ಆಡಳಿತಕ್ಕೆ, ತೋಟವಿಲ್ಲದವನ ಗುಡಿಸಲು ಬಹುಕಾಲ ಕಾಣಿಸಲೇ ಇಲ್ಲವೆಂಬುದು ನನ್ನ ಅಭಿಪ್ರಾಯ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಬಳಿಕ, ಕೇಂದ್ರದ ಒಪ್ಪಿಗೆಯಿಲ್ಲದೆ ರಾಜ್ಯವು ಇಂಥ ನೆಲವನ್ನು ಸಕ್ರಮಗೊಳಿಸುವ ದಾರಿಯೂ ಮುಚ್ಚಿತು.

ಈ ಎರಡು ತತ್ತ್ವಗಳನ್ನು ಕೂಡಿಸಲು ಸಂಸತ್ತು ಮಾಡಿದ ಯತ್ನವೇ 2006ರ ಅರಣ್ಯ ಹಕ್ಕು ಕಾಯ್ದೆ. ಅರಣ್ಯವಾಸಿಗಳಿಗೆ ಐತಿಹಾಸಿಕ ಅನ್ಯಾಯವಾಗಿದೆಯೆಂದು ಅದರ ಪೀಠಿಕೆಯೇ ಒಪ್ಪಿಕೊಳ್ಳುತ್ತದೆ. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅನುಭವದಲ್ಲಿದ್ದ ನೆಲಕ್ಕೆ, ವಾಸ್ತವವಾಗಿ ಅನುಭವದಲ್ಲಿರುವಷ್ಟಕ್ಕೆ ಮಾತ್ರ, ಹೆಚ್ಚೆಂದರೆ 4 ಹೆಕ್ಟೇರಿಗೆ, ನಮ್ಮ ಲೆಕ್ಕದಲ್ಲಿ ಸುಮಾರು 9 ಎಕರೆ 35 ಗುಂಟೆಗೆ, ಹಕ್ಕು ಕೇಳಬಹುದು. ಹಕ್ಕುಪತ್ರವು ವಿವಾಹಿತರಾದಲ್ಲಿ ಗಂಡ ಹೆಂಡಿರಿಬ್ಬರ ಹೆಸರಿನಲ್ಲಿರತಕ್ಕದ್ದು. ಅದು ಮಕ್ಕಳಿಗೆ ಬರುತ್ತದೆ, ಮಾರಾಟಕ್ಕೆ ಬರುವುದಿಲ್ಲ.

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ಅರಿತುಕೊಳ್ಳಬೇಕು. ಪರಿಶಿಷ್ಟ ಪಂಗಡದವರು 2005ರ ಆ ದಿನಾಂಕಕ್ಕೆ ಮುಂಚಿನ ಅನುಭವವನ್ನು ತೋರಿಸಿದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಅದಕ್ಕೆ ಹಿಂದೆ ಮೂರು ತಲೆಮಾರು, ಎಂದರೆ 75 ವರ್ಷ, ಪ್ರಧಾನವಾಗಿ ಅರಣ್ಯದಲ್ಲಿ ವಾಸಿಸಿ ಜೀವನೋಪಾಯಕ್ಕೆ ಅದನ್ನೇ ಅವಲಂಬಿಸಿದ್ದರೆಂಬುದನ್ನೂ ತೋರಿಸಬೇಕು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರಾದುದರಿಂದ ಯಲ್ಲಾಪುರದ ಸಿದ್ದಿ ಕುಟುಂಬಕ್ಕೆ 75 ವರ್ಷದ ಹೊರೆಯಿಲ್ಲ. ಅದೇ ಕಾಡಿನ ಅಂಚಿನಲ್ಲಿ ಎಮ್ಮೆ ಸಾಕಿ ಬದುಕುವ, ಆ ಪಟ್ಟಿಯ ಹೊರಗುಳಿದ ಗೌಳಿಗನಿಗೆ ಉಂಟು. ಬೇಲಿಯ ಈಚೆಗೊಂದು ಆಚೆಗೊಂದು ಅಳತೆಯಾದ ಈ ವ್ಯವಸ್ಥೆ 46ನೆಯ ಅನುಚ್ಛೇದದ ಆಶಯಕ್ಕೆ ಪೂರ್ಣವಾಗಿ ಹೊಂದುತ್ತದೆಂದು ನನಗೆ ಅನ್ನಿಸದು. ಆದರೆ ಕಾಯ್ದೆ ಇರುವುದು ಹಾಗೆ, ಅರ್ಜಿ ಬರೆಯಬೇಕಾದದ್ದೂ ಹಾಗೆಯೇ. ಒಂದು ಸಮಾಧಾನವುಂಟು. 75 ವರ್ಷದ ಪುರಾವೆ ಬೇಕಾದದ್ದು ವಾಸಕ್ಕೆ, ಈಗ ಕೇಳುತ್ತಿರುವ ಅದೇ ತುಂಡು ನೆಲದ ಸಾಗುವಳಿಗಲ್ಲ. ಅಜ್ಜ ಒಂದು ಕಡೆ, ಮೊಮ್ಮಗ ಅರ್ಧ ಮೈಲಿ ಆಚೆ ಗದ್ದೆ ಮಾಡಿದ್ದರೆ ಅರ್ಜಿ ಅದರಿಂದಲೇ ಬಿದ್ದುಹೋಗುವುದಿಲ್ಲ.

ಪುರಾವೆಯೆಂದರೇನು? 2005ರಿಂದ 75 ವರ್ಷ ಹಿಂದಕ್ಕೆ ಎಣಿಸಿದರೆ 1930 ಬರುತ್ತದೆ. ಅದರ ಬೆನ್ನಿಗೇ ಸಿದ್ದಾಪುರದ ರೈತರು ಕರನಿರಾಕರಣೆಯಲ್ಲಿ ತೊಡಗಿ ಜಪ್ತಿಗೆ ಗುರಿಯಾದರು. ಕಂದಾಯ ಕೊಡುವುದಿಲ್ಲವೆಂದು ಹಟ ಹಿಡಿದ ಸೀಮೆಯಲ್ಲಿ ಆ ಕಾಲದ ರಸೀದಿಯನ್ನು ಕೇಳುವುದರಲ್ಲಿ ಇತಿಹಾಸದ ವಿನೋದವೊಂದುಂಟು. ನಿಯಮಗಳು ಅಷ್ಟು ಕಠಿಣವಾಗಿಲ್ಲ. ಗೆಜೆಟಿಯರು, ಜನಗಣತಿ, ಸರ್ವೆ ನಕಾಶೆ, ಅರಣ್ಯದ ಕಾರ್ಯಯೋಜನೆ, ನ್ಯಾಯಾಲಯದ ಆದೇಶ, ಮತದಾರರ ಚೀಟಿ, ಪಡಿತರ ಚೀಟಿ, ಮನೆ ಪಟ್ಟಿಯ ರಸೀದಿ ಇವೆಲ್ಲ ನಡೆಯುತ್ತವೆ. ಹಳೆಯ ದಾಖಲೆಯಲ್ಲಿ ಹೆಸರಿರುವ ಪೂರ್ವಿಕನವರೆಗೆ ಎಳೆದ ವಂಶಾವಳಿ ನಡೆಯುತ್ತದೆ. ಮನೆಯ ಪಂಚಾಂಗ, ಕಟ್ಟಿದ ಅಗಳು, ಬಾವಿ, ಸ್ಮಶಾನ, ದೇವರ ಬನ ಇಂಥ ನೆಲದ ಮೇಲಿನ ಗುರುತುಗಳೂ, ಅರ್ಜಿದಾರನಲ್ಲದ ಊರ ಹಿರಿಯನೊಬ್ಬನ ಬರೆದಿಟ್ಟ ಹೇಳಿಕೆಯೂ ನಡೆಯುತ್ತವೆ. ಒಂದಕ್ಕಿಂತ ಹೆಚ್ಚು ಬಗೆಯ ಪುರಾವೆ ಇರಬೇಕು. ಆದರೆ ಇಂಥ ಕಾಗದವೇ ಆಗಬೇಕೆಂದು ಯಾವ ಸಮಿತಿಯೂ ಹಟ ಹಿಡಿಯುವಂತಿಲ್ಲ. ಅರಣ್ಯ ಇಲಾಖೆ ಒಂದು ಕಾಲಕ್ಕೆ ಹಾಕಿದ ದಂಡದ ರಸೀದಿ, ಆ ದಿನ ಅಜ್ಜ ಅಲ್ಲಿದ್ದನೆಂಬುದಕ್ಕೆ ಇಲಾಖೆಯೇ ಬರೆದುಕೊಟ್ಟ ಸಾಕ್ಷ್ಯವಾದುದರಿಂದ, ನಾಚಿಕೆಯಿಂದ ಟ್ರಂಕಿನ ತಳದಲ್ಲಿ ಮುಚ್ಚಿಡುವ ಬದಲು ಅರ್ಜಿಗೆ ಲಗತ್ತಿಸತಕ್ಕದ್ದು.

ವೈಯಕ್ತಿಕ ಅರ್ಜಿಗೆ ನಮೂನೆ ‘ಎ’, ಸಾಮುದಾಯಿಕ ಹಕ್ಕಿಗೆ ‘ಬಿ’. ಅರ್ಜಿ ಕೊಡುವುದು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ. ಸ್ವೀಕೃತಿಯನ್ನು ಬರಹದಲ್ಲಿ ಪಡೆಯದೆ ಮನೆಗೆ ಬರಬಾರದು. ಗ್ರಾಮಸಭೆಯೆಂದರೆ ಪಂಚಾಯತಿಯ ಸದಸ್ಯರ ಬೈಠಕ್ಕಲ್ಲ, ಊರಿನ ವಯಸ್ಕರೆಲ್ಲರ ಸಭೆ; ಅರ್ಧದಷ್ಟು ಜನ ಸೇರಿರಬೇಕು, ಬಂದವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು, ಹಕ್ಕಿನ ಠರಾವಾಗುವಾಗ ಅರ್ಜಿದಾರರಲ್ಲಿ ಅರ್ಧದಷ್ಟಾದರೂ ಹಾಜರಿರಬೇಕು. ಸ್ಥಳತನಿಖೆಯ ದಿನ ಮನೆಯವರಲ್ಲೊಬ್ಬರು ತಪ್ಪದೆ ನಿಂತು ಬಾವಿಯನ್ನೂ ಅಗಳನ್ನೂ ತೋರಿಸಬೇಕು. ‘ನಮ್ಮದು ಜಿಪಿಎಸ್ ಆಗಿದೆ’ ಎಂದು ನಿಶ್ಚಿಂತರಾಗಿರುವವರು ಅನೇಕರಿದ್ದಾರೆ. ಜಿಪಿಎಸ್ ಕೇವಲ ಅಳತೆ, ಮಂಜೂರಾತಿಯಲ್ಲ. ಠರಾವು ಅಲ್ಲಿಂದ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ಸಮಿತಿಗೆ ಶಿರಸಿಗೂ, ಬಳಿಕ ಜಿಲ್ಲಾಧಿಕಾರಿಯ ಸಮಿತಿಗೆ ಕಾರವಾರಕ್ಕೂ ಹೋಗುತ್ತದೆ. ಅಂತಿಮ ತೀರ್ಮಾನ ಕಾರವಾರದ್ದು.

ತಿರಸ್ಕಾರದ ಮಾತು ಬಂದರೆ ಗಾಬರಿ ಬೇಡ, ವಿಳಂಬವೂ ಬೇಡ. ಗ್ರಾಮಸಭೆಯ ಠರಾವಿನ ವಿರುದ್ಧ ಉಪವಿಭಾಗ ಸಮಿತಿಗೆ, ಆ ಸಮಿತಿಯ ತೀರ್ಮಾನದ ವಿರುದ್ಧ ಜಿಲ್ಲಾ ಸಮಿತಿಗೆ, 60 ದಿನಗಳೊಳಗೆ ಮನವಿ ಸಲ್ಲಿಸಬಹುದು. ಅರ್ಜಿದಾರನ ಅಹವಾಲು ಕೇಳದೆ ತಿರಸ್ಕರಿಸುವಂತಿಲ್ಲ. ಕಾರಣವನ್ನು ಬರಹದಲ್ಲಿ ತಿಳಿಸಲೇಬೇಕು. ತಿಳಿಸದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕಡತದ ನಕಲು ಕೇಳಿದಲ್ಲಿ 30 ದಿನಗಳೊಳಗೆ ಉತ್ತರ ಕೊಡತಕ್ಕದ್ದು. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ. ಪರಿಶೀಲನೆ ಮುಗಿಯುವವರೆಗೆ ಒಕ್ಕಲೆಬ್ಬಿಸಕೂಡದೆಂದು ಕಾಯ್ದೆಯ 4ನೆಯ ಕಲಮಿನ 5ನೆಯ ಉಪಕಲಮು ಹೇಳುತ್ತದೆ. 2019ರ ಫೆಬ್ರವರಿ 13ರಂದು ತಿರಸ್ಕೃತ ಅರ್ಜಿದಾರರನ್ನು ತೆರವುಗೊಳಿಸಲು ಸರ್ವೋಚ್ಚ ನ್ಯಾಯಾಲಯ ಮಾಡಿದ ಆದೇಶವನ್ನು, ಅದೇ ತಿಂಗಳ 28ರಂದು ಅದೇ ನ್ಯಾಯಾಲಯ ತಡೆಹಿಡಿದದ್ದಕ್ಕೆ ಹಿನ್ನೆಲೆಯಾದದ್ದು, ತಿರಸ್ಕಾರಗಳು ಕ್ರಮಬದ್ಧವಾಗಿ ನಡೆದಿದ್ದುವೇ ಎಂಬ ಈ ಪ್ರಶ್ನೆಯೇ.

ಜಿಲ್ಲಾ ಸಮಿತಿಯೂ ಕೈಬಿಟ್ಟರೆ ಉಳಿಯುವ ದಾರಿ ಧಾರವಾಡದ ಉಚ್ಚ ನ್ಯಾಯಾಲಯದ ಪೀಠ. ವಕೀಲರ ಖರ್ಚಿಗೆ ಹೆದರಿ ಹಿಂಜರಿಯುವವರಿಗಾಗಿಯೇ ನಾಲ್ಕನೆಯ ಭಾಗದಲ್ಲಿ 39ಎ ಅನುಚ್ಛೇದವುಂಟು. ಅದರಿಂದ ಹೊರಟ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಪರಿಶಿಷ್ಟ ಜಾತಿ ಪಂಗಡದವರಿಗೂ, ಯಾವ ಜಾತಿಯ ಹೆಂಗಸಿಗಾದರೂ, ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರು ದೊರೆಯುತ್ತಾರೆ. ಹಕ್ಕುಪತ್ರ ಇಬ್ಬರ ಹೆಸರಿನಲ್ಲಿ ಬರಬೇಕಾದದ್ದಾದುದರಿಂದ, ಗಂಡನಿಗೆ ಆದಾಯದ ಲೆಕ್ಕ ಅಡ್ಡ ಬಂದಲ್ಲಿ, ಹೆಂಡತಿಯೇ ಅರ್ಜಿದಾರಳಾಗಿ ತಾಲೂಕಿನ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಡಬಹುದು. ದೂರದ ಹಳ್ಳಿಯವರು ಮೊದಲು 15100ಕ್ಕೆ ಫೋನು ಮಾಡಿ ವಿಚಾರಿಸಿಕೊಂಡು ಹೊರಟರೆ ಬಸ್ಸಿನ ಖರ್ಚು ಉಳಿದೀತು.