ಬೀದರ್ ಕೋಟೆಯ ರಂಗೀನ್ ಮಹಲ್, ಲಾಲ್ ಬಾಗ್ ನೋಡಲು ಬರುವವರ ಗಮನಕ್ಕೆ

ಬೀದರ್ ನಗರ, ಭಾಲ್ಕಿ, ಔರಾದ್ ಕಡೆಯಿಂದ ಬೀದರ್ ಕೋಟೆಗೆ ಬರುವ ಕುಟುಂಬಗಳಿಗೂ ಶಾಲಾ ತಂಡಗಳಿಗೂ ಈ ಸೂಚನೆ. ಅರಮನೆಗಳಲ್ಲಿ ಉಳಿದಿರುವ ಬಣ್ಣ, ಗಾರೆ, ಚಿಪ್ಪಿನ ಕೆಲಸ ಒಮ್ಮೆ ಉದುರಿದರೆ ಉದುರಿದ ಹಾಗೆಯೇ. ಆದ್ದರಿಂದ ಕೆಳಗಿನ ಯಾವ ನಿಯಮಕ್ಕೂ ರಿಯಾಯಿತಿ ಇಲ್ಲ.

ಮಾಡಬೇಕಾದ್ದು

1. ಬೆಳಿಗ್ಗೆಯೇ ಬನ್ನಿ. ಏಪ್ರಿಲ್, ಮೇ ತಿಂಗಳಲ್ಲಿ ಟೋಪಿ, ಕುಡಿಯುವ ನೀರು ಜೊತೆಗಿರಲಿ. ಔರಾದ್‌ಗೆ ರೈಲಿಲ್ಲ, ಮರಳುವ ಬಸ್ಸಿನ ವೇಳೆ ಮೊದಲೇ ವಿಚಾರಿಸಿಕೊಳ್ಳಿ.

2. ರಂಗೀನ್ ಮಹಲ್‌ಗೆ ಬೀಗವಿದ್ದರೆ ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ಕೇಳಿ, ಅವರ ಜೊತೆಯಲ್ಲೇ ಒಳಹೋಗಿ. ಕೆತ್ತನೆಯ ಮರದ ಕಂಬಗಳನ್ನೂ, ಅಲಿ ಬರೀದ್ ಶಾಹನ (1542–1580) ಕಾಲದಲ್ಲಿ ಕರಿಗಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪನ್ನೂ ಕೈ ಹಿಂದೆ ಕಟ್ಟಿಕೊಂಡು ನೋಡಿ.

3. ಲಾಲ್ ಬಾಗ್ ಉದ್ಯಾನದಲ್ಲಿ ಕಾಲುದಾರಿ ಬಿಟ್ಟು ಇಳಿಯಬೇಡಿ. ಕಾರಂಜಿಯ ತೊಟ್ಟಿ, ನೀರಿನ ಕಾಲುವೆಗಳ ಹತ್ತಿರ ಚಿಕ್ಕ ಮಕ್ಕಳ ಕೈ ಹಿಡಿದಿರಿ.

4. ಉದ್ಯಾನದ ಪಕ್ಕದ ಸೋಲಾ ಖಂಬ ಮಸೀದಿ 1420ರ ದಶಕದ್ದು. ಅಲ್ಲಿ ದನಿ ತಗ್ಗಿಸಿ.

5. ಕೋಟೆಯ ವಸ್ತುಸಂಗ್ರಹಾಲಯವನ್ನು ತಪ್ಪದೆ ನೋಡಿ. ಆ ಕಟ್ಟಡ ಹಿಂದೆ ಅರಮನೆಯ ಹಮಾಮು, ಅಂದರೆ ಸ್ನಾನಗೃಹ.

ಮಾಡಬಾರದ್ದು

1. ಗೋಡೆ, ಕಂಬಗಳ ಮೇಲೆ ಹೆಸರು ಗೀಚಬಾರದು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 1958ರ ಕಾಯ್ದೆಯಡಿ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಇವೆ.

2. ಕೋಟೆಯ ಮಣ್ಣು ಅಗೆದು ಒಯ್ಯಬಾರದು. ಬಿದ್ರಿ ಕುಸುರಿಯವರು ಲೋಹಕ್ಕೆ ಕಪ್ಪು ತರಿಸಲು ನವಸಾಗರದ ಜೊತೆ ಬಳಸುವುದು ಕೋಟೆಯ ಹಳೆಯ ಮಣ್ಣನ್ನೇ. ನೆನಪಿಗೆ ಬಿದ್ರಿ ಸಾಮಾನು ಬೇಕೆಂದರೆ ಊರಿನ ಅಂಗಡಿಯಲ್ಲಿ ಕೊಳ್ಳಿ.

3. ಸೆಲ್ಫಿಗಾಗಿ ಕೋಟೆಗೋಡೆ ಏರಬಾರದು, ಕಂದಕದ ಅಂಚಿಗೆ ಹೋಗಬಾರದು. ತಖ್ತ್ ಮಹಲ್, ಗಗನ್ ಮಹಲ್‌ನ ಮುರಿದ ಮೆಟ್ಟಿಲು ಹತ್ತುವುದೂ ಬೇಡ.

4. ಹಜಾರ್ ಕೋಠರಿಯ ನೆಲದಡಿಯ ಕೋಣೆಗಳಿಗೆ ಮಕ್ಕಳು ಒಬ್ಬೊಬ್ಬರೇ ನುಗ್ಗಬಾರದು.

5. ಗೊತ್ತುಮಾಡಿದ ಜಾಗ ಬಿಟ್ಟು ಬುತ್ತಿ ಬಿಚ್ಚಬಾರದು. ಗುಟ್ಕಾ ಉಗಿಯಬಾರದು.

6. ಜೇನುಗೂಡಿಗೆ ಕಲ್ಲು ಹೊಡೆಯಬಾರದು, ಕೆಳಗೆ ಹೊಗೆ ಎಬ್ಬಿಸಬಾರದು.

7. ಅನುಮತಿ ಇಲ್ಲದೆ ಡ್ರೋನ್ ಹಾರಿಸಬಾರದು.

ಶಾಲಾ ತಂಡದ ಮಕ್ಕಳು ತಪ್ಪಿದರೆ ಉತ್ತರ ಕೊಡಬೇಕಾದವರು ಕರೆತಂದ ಶಿಕ್ಷಕರು. ಬಸ್ಸು ಹತ್ತುವ ಮೊದಲೇ ಇದನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ.